ತೋರಣಬಾವಿಯ ತಗಡಿನ ಛಾವಣಿಯವರಿಗೆ

ಶಾಲಿವಾಹನ ಶಕ ೨೧೧೦, ಸರ್ವಧಾರಿ ಸಂವತ್ಸರ, ಕಾರ್ತಿಕ ಶುದ್ಧ ದ್ವಾದಶಿ.
ನಿಮ್ಮ ಲೆಕ್ಕದಲ್ಲಿ ೨೧೮೮ನೆಯ ಇಸವಿ.

ಕಲಿದೇವರ ಗುಡಿಯ ಮುಂದೆ ತಗಡಿನ ಛಾವಣಿ ಹಾಕಿಕೊಂಡಿರುವವರಿಗೆ ಅದೇ ಗುಡಿಗೆ ಹೂವು ಕೊಡುವ ನೀಲಗಂಗವ್ವ ಹೂಗಾರ ಮಾಡುವ ಶರಣು.

ಮೇಲಿನ ಇಸವಿ ನೋಡಿ ಗಾಬರಿಯಾಗಬೇಡಿ. ಬರೆದವಳಿಗೆ ತಲೆ ನೆಟ್ಟಗಿದೆ. ನೀವು ಇದ್ದು ಹೋದ ನೂರಾ ಅರವತ್ತು ವರ್ಷಗಳ ಮೇಲೆ ನಾನು ಇದ್ದೇನೆ, ವ್ಯತ್ಯಾಸ ಅಷ್ಟೇ. ಊರು ಅದೇ, ಗುಡಿ ಅದೇ, ಕಾಲಿಗೆ ಅಂಟುವ ಎರೆಮಣ್ಣೂ ಅದೇ. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು, ಈಗ ಐವತ್ತು ತುಂಬಿದೆ. ನೀವು ಕೇಳಿರದ ನಾಲ್ಕಾರು ಮಾತುಗಳು ನನ್ನ ಬರವಣಿಗೆಯಲ್ಲಿ ಬರುತ್ತವೆ. ಅದಕ್ಕೆ ಕ್ಷಮೆ ಇರಲಿ, ಬಂದ ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮ್ಮನ್ನು ಹೇಗೆ ಮುಟ್ಟುತ್ತದೆ ಎಂದು ಮಾತ್ರ ಕೇಳಬೇಡಿ. ಕಲಿದೇವರ ಪಾದದ ಹತ್ತಿರ ಇಡುತ್ತೇನೆ. ಹಿಂದಿನದು ಮುಂದಿನದು ಎಂಬುದು ನಮಗೆ, ಅವನಿಗೆ ಎಲ್ಲವೂ ಒಂದೇ ದಿನ.

ಇವತ್ತೇ ಬರೆಯಲು ಕುಳಿತಿದ್ದೇನೆ. ಯಾಕೆಂದರೆ ನಾಳೆ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಗುಡಿ ಇಲ್ಲೇ ಉಳಿಯುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುತ್ತದೆ. ನೈಋತ್ಯ ಮೂಲೆ ಇನ್ನೂ ಕುಸಿಯುತ್ತಿದೆ ಎಂದು ಗೊತ್ತಾದರೆ, ಹುಣ್ಣಿಮೆಯ ಮರುದಿನ ಯಂತ್ರಗಳು ಬಂದು ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚುತ್ತವೆ. ಹತ್ತು ಹರಿದಾರಿ ಆಚೆ ಗಟ್ಟಿ ನೆಲದ ಮೇಲೆ ಮತ್ತೆ ಜೋಡಿಸುತ್ತಾರಂತೆ. ಜೋಡಿಸುವುದರಲ್ಲಿ ಅವರು ಜಾಣರೇ. ಆದರೆ ಸಾವಿರ ವರ್ಷ ಇಲ್ಲಿ ಕುಳಿತ ದೇವರನ್ನು ಎಬ್ಬಿಸಿಕೊಂಡು ಹೋದ ಮೇಲೆ ಬೆಳಗಾದರೆ ನಾನು ಹೂಬುಟ್ಟಿ ಹೊತ್ತು ಯಾವ ಕಡೆಗೆ ನಡೆಯಲಿ? ಈ ಸಂಕಟದಲ್ಲಿ ನಿಮ್ಮ ಹೆಸರೂ ಗೊತ್ತಿಲ್ಲದೆ ನಿಮಗೆ ಯಾಕೆ ಬರೆಯುತ್ತಿದ್ದೇನೆ ಎಂದರೆ, ಗುಡಿಯನ್ನು ಇಲ್ಲಿಯವರೆಗೆ ಉಳಿಸಿದವರು ನೀವು. ನಿಮಗದು ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಅದಕ್ಕೇ ಹೇಳಬೇಕು ಅನ್ನಿಸಿತು.

ಮೊದಲು ನಮ್ಮ ದಿನ ಹೇಗಿರುತ್ತದೆ ಎಂದು ಕೇಳಿ. ಬೆಳಿಗ್ಗೆ ಐದಕ್ಕೆ ಹೂ ಬಿಡಿಸುತ್ತೇವೆ, ಒಂಬತ್ತರ ಮೇಲೆ ಬಿಸಿಲು ಹೊರಗೆ ನಿಲ್ಲಗೊಡುವುದಿಲ್ಲ. ಹತ್ತಕ್ಕೆ ಓಣಿಯ ಮೇಲೆ ನೆರಳುಚಾಪೆ ಹಾಸಿಕೊಳ್ಳುತ್ತದೆ. ಈ ಮನೆಯ ಮಾಳಿಗೆಯಿಂದ ಆ ಮನೆಯ ಮಾಳಿಗೆಗೆ ತಾನಾಗಿ ಬಿಚ್ಚಿಕೊಳ್ಳುವ ದೊಡ್ಡ ಬಟ್ಟೆ ಅದು. ಬಿಸಿಲನ್ನು ಕುಡಿದು ಮನೆಗಳಿಗೆ ವಿದ್ಯುತ್ತು ಕೊಡುತ್ತದೆ. ಅದರ ಕೆಳಗೆ ಕುಳಿತು ಹೆಂಗಸರು ಮಾಲೆ ಕಟ್ಟುತ್ತೇವೆ, ರೊಟ್ಟಿ ಬಡಿಯುತ್ತೇವೆ. ರೊಟ್ಟಿ ಬಡಿಯುವ ಯಂತ್ರ ಬಂದು ನೂರು ವರ್ಷವಾಯಿತು, ಆದರೂ ಕೈಯಲ್ಲಿ ಬಡಿದದ್ದನ್ನೇ ಗಂಡಸರು ಕೇಳುತ್ತಾರೆ. ಬಡಿಯಲು ಮಾತ್ರ ಕಲಿಯುವುದಿಲ್ಲ.

ಗುಡಿಯಲ್ಲಿ ಅರ್ಚಕರಾದ ಶಾಂತವೀರಯ್ಯನವರು ಬೆಳಿಗ್ಗೆ ಪಂಚಾಂಗ ಓದುತ್ತಾರೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ನಿಮಗೆ ಗೊತ್ತೇ ಇವೆ. ನಮಗೆ ಆರನೆಯದೂ ಒಂದು ಇದೆ, ನೆಲದ ಉಸಿರು. ಬೇರೆ ಊರುಗಳ ಹಳೆಯ ಗುಡಿಗಳಲ್ಲಿ ಇದನ್ನು ಐವತ್ತು ವರ್ಷದಿಂದ ಓದುತ್ತಿದ್ದಾರೆ, ನಮ್ಮಲ್ಲಿಗೆ ಈ ಯುಗಾದಿಗೆ ಬಂತು. ಎರೆನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅದರ ಮೇಲೆ ಕುಳಿತ ಗುಡಿಯೂ ಏರುತ್ತದೆ, ಇಳಿಯುತ್ತದೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ. ಎಳ್ಳಿನಲ್ಲಿ ಅಳೆಯುತ್ತೇವೆ, ಒಂದು ಎಳ್ಳುಕಾಳಿನ ದಪ್ಪ, ಎರಡು ಎಳ್ಳುಕಾಳಿನ ದಪ್ಪ ಎಂದು. ಅಳೆಯುವುದು ಮಾರ್ದನಿಗಣ್ಣು. ನಿಮ್ಮ ಕಾಲದಲ್ಲಿ ರಾಡಾರ್ ಉಪಗ್ರಹ ಅನ್ನುತ್ತಿದ್ದರಂತೆ. ಬಾವಿಯ ದಂಡೆಯಲ್ಲಿ ನಿಂತು ಕೂಗಿದರೆ ನಮ್ಮ ದನಿ ನಮಗೇ ತಿರುಗಿ ಬರುವುದಿಲ್ಲವೇ? ಆಕಾಶದಲ್ಲಿ ಹೋಗುತ್ತ ಅದೂ ಹಾಗೆಯೇ ನೆಲಕ್ಕೆ ಕೂಗು ಹಾಕುತ್ತದೆ. ತಿರುಗಿ ಬಂದ ದನಿ ಹೋದ ಸಲಕ್ಕಿಂತ ಒಂದು ಚೂರು ತಡವಾದರೆ ನೆಲ ಇಳಿದಿದೆ, ಬೇಗ ಬಂದರೆ ಏರಿದೆ. ಮೋಡ ಇದ್ದರೂ ಅದಕ್ಕೆ ಅಡ್ಡಿಯಿಲ್ಲ. ಎಂಟು ದಿನಕ್ಕೊಮ್ಮೆ ನಮ್ಮೂರ ಮೇಲೆ ಹೋಗುತ್ತದೆ.

ಕೂಗಿಗೆ ಚೆನ್ನಾಗಿ ಓಗೊಡಲಿ ಎಂದು ಹಳೆಯ ಕಲ್ಲುಗಳ ಕಾವಲು ಕಚೇರಿಯವರು ಗುಡಿಯ ಮುಂದಿನ ಹಾಸುಬಂಡೆಯ ಮೇಲೆ ಮೂಲೆಗನ್ನಡಿ ನಿಲ್ಲಿಸಿದರು. ಮೂರು ಲೋಹದ ಹಲಗೆಗಳನ್ನು ಗೋಡೆಯ ಮೂಲೆಯ ಹಾಗೆ ಕೂಡಿಸಿದ್ದಾರೆ, ಬಾಯಿ ಆಕಾಶಕ್ಕೆ. ತಳದಲ್ಲಿ ಮಳೆನೀರು ಹರಿದು ಹೋಗಲು ಸಣ್ಣ ತೂತು. ಬಂಡೆ ಅಲುಗುವುದಿಲ್ಲವಾದ್ದರಿಂದ ಗುಡಿಯ ಪ್ರತಿ ಕಂಬವನ್ನೂ ಈ ಕನ್ನಡಿಯ ಲೆಕ್ಕಕ್ಕೆ ಹಿಡಿದು ಅಳೆಯುತ್ತಾರೆ. ಅದನ್ನು ಸ್ವಚ್ಛ ಇಡುವ ಕೆಲಸ ನನಗೆ ಕೊಟ್ಟರು.

ನಾನು ಅದಕ್ಕೆ ಪೂಜೆ ಮಾಡಿದೆ. ಕಲಿದೇವರನ್ನು ಕಾಯುವ ವಸ್ತುವಿಗೆ ಒಂದು ಹೂವು ಏರಿಸದೆ ಹೂಗಾರರ ಮನೆಯವಳು ಮುಂದೆ ಹೋಗುವುದು ಹೇಗೆ? ಶ್ರಾವಣ ಬಂದ ಮೇಲೆ ದಿನಾ ಬೆಳಿಗ್ಗೆ ಒಂದು ಚೊಂಬು ನೀರು, ನಾಲ್ಕು ಬಿಲ್ವಪತ್ರೆ, ಎರಡು ಕಣಗಿಲೆ. ಆದರೆ ಆ ತೂತಿನಿಂದ ತೀರ್ಥ ಸೋರಿ ಬಂಡೆಯ ಮೇಲೆ ಹರಿಯುತ್ತಿತ್ತು, ಬಂದವರು ಹೋದವರು ತುಳಿಯುತ್ತಿದ್ದರು. ತೀರ್ಥ ತುಳಿಯಬಹುದೇ? ಜೇನುಮೇಣ ಮೆತ್ತಿ ತೂತು ಮುಚ್ಚಿದೆ. ಸಂಜೆ ನೀರನ್ನು ಮೊಗೆದು ತುಳಸಿಗೆ ಹಾಕುತ್ತಿದ್ದೆ. ತಿಂಗಳ ವರದಿಯಲ್ಲಿ ‘ದಿನಾ ತೊಳೆಯುತ್ತೇನೆ’ ಎಂದು ಬರೆದೆ. ಸುಳ್ಳೇನಲ್ಲವಲ್ಲ. ಕಚೇರಿಯವರು ಶಹಬ್ಬಾಸ್ ಅಂದರು.

ಮುಂದಿನ ಸಲ ಶಾಂತವೀರಯ್ಯನವರು ಆರನೆಯ ಅಂಗ ಓದುವಾಗ ಅವರ ನಾಲಿಗೆ ತಡವರಿಸಿತು. ಮಳೆಗಾಲದಲ್ಲಿ ಏರಬೇಕಾದ ಗುಡಿ ಒಂದೇ ಸಲಕ್ಕೆ ನಾಲ್ಕು ಎಳ್ಳು ಇಳಿದಿತ್ತು. ಎಂಟು ದಿನ ಬಿಟ್ಟು ನೋಡಿದರೆ ಅಷ್ಟೇ. ಇಡೀ ಗುಡಿ, ಎಲ್ಲ ಕಂಬ. ಊರಿನ ಮಂದಿ ಒಳಗೆ ಕಾಲಿಡಲು ಹೆದರಿದರು. ಕಾವಲು ಕಚೇರಿಯಿಂದ ಆದೇಶ ಬಂತು, ಗುಡಿ ಬಿಚ್ಚಬೇಕು ಎಂದು. ನಾನು ಅತ್ತುಕೊಂಡು ಕನ್ನಡಿಗೆ ಇನ್ನೂ ಒಂದು ಚೊಂಬು ನೀರು ಹೆಚ್ಚಿಗೆ ಹಾಕಿದೆ.

ಆಗ ಬಂದವಳು ಸುಹಾನಾ ನದಾಫ. ಕಚೇರಿಯಲ್ಲಿ ಮಾರ್ದನಿ ಓದುವ ಕೆಲಸದವಳು, ನನ್ನ ಮಗಳ ವಯಸ್ಸು. ಬೆಳಿಗ್ಗೆ ಆರಕ್ಕೇ ಬಂದು ಬಂಡೆ ಹತ್ತಿ ಕನ್ನಡಿಯೊಳಗೆ ಬಗ್ಗಿ ನೋಡಿದಳು. ಕೈ ಅದ್ದಿದಳು. ಬಿಲ್ವಪತ್ರೆ ಬೆರಳಿಗೆ ಹತ್ತಿತು.

“ಅವ್ವಾರ, ಈ ತೂತು ಯಾರು ಮುಚ್ಚ್ಯಾರ?”

“ನಾನ ಮುಚ್ಚೇನಿ, ಬಾಯಾರ. ತೀರ್ಥ ನೆಲಕ್ಕ ಸೋರತಿತ್ತು. ಮಂದಿ ತುಳೀತಿದ್ರು.”

“ಎಂದ ಮುಚ್ಚೀರಿ?”

“ಶ್ರಾವಣದ ಮೊದಲ್ನೇ ಸೋಮವಾರ.”

ಅವಳು ಬಂಡೆಯ ಮೇಲೆ ಹಾಗೇ ಕುಸಿದು ಕುಳಿತಳು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು.

“ಯವ್ವಾ, ಗುಡಿ ಇಳದಿಲ್ಲಬೇ! ನಿಮ್ಮ ತೀರ್ಥ ಏರೇತಿ! ಕೂಗು ಕನ್ನಡಿ ತಳಾ ಮುಟ್ಟಲಿಲ್ಲ, ನೀರಿನ ಮ್ಯಾಲಿಂದನ ತಿರುಗಿ ಬಂತು. ಕನ್ನಡಿ ಮ್ಯಾಲ ಬಂದಂಗಾತು, ಅದರ ಲೆಕ್ಕದಾಗ ಗುಡಿ ಎಲ್ಲಾ ಕೆಳಗ ಹೋದಂಗಾತು.”

ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಕಸ್ತೂರೆವ್ವ ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅವಳ ಬಾಯಿ ನಿಮಗೆ ಗೊತ್ತಿಲ್ಲ. “ಏನಕ್ಕಾ, ಸಾವಿರ ವರ್ಷದ ಗುಡೀನ ಒಂದು ಚೊಂಬು ನೀರಾಗ ಮುಳುಗಿಸಿದೆಲ್ಲಾ!” ಅಂದಳು. ಊರೆಲ್ಲ ಅದನ್ನೇ ಆಡಿತು. ಆಡಿಕೊಳ್ಳಲಿ ಬಿಡಿ. ನಾಚಿಕೆಯಿಂದ ಮುಖ ಸುಟ್ಟರೂ ಅಂದು ನನಗಾದ ಸಂತೋಷ ಹೆತ್ತಾಗಲೂ ಆಗಿರಲಿಲ್ಲ. ಕಚೇರಿಯ ಸಾಹೇಬರ ಮುಂದೆ ನಾನೇ ನಿಂತು ತಪ್ಪು ಒಪ್ಪಿಕೊಂಡೆ. ಮೇಣ ತೆಗೆದೆ. ಈಗ ಕನ್ನಡಿಗೆ ದೂರದಿಂದ ಕೈ ಮುಗಿಯುತ್ತೇನೆ, ಹೂವನ್ನು ಕಂಬದ ಬುಡಕ್ಕೆ ಇಡುತ್ತೇನೆ.

ಆದರೆ ಸಂತೋಷ ಒಂದೇ ವಾರ. ಸರಿಯಾದ ಅಳತೆ ಬಂದಾಗ ಗುಡಿ ಮಳೆಗಾಲದ ರೀತಿಗೆ ತಕ್ಕಂತೆ ಎರಡು ಎಳ್ಳು ಏರಿತ್ತು. ನೈಋತ್ಯ ಮೂಲೆ ಮಾತ್ರ ಏರಿರಲಿಲ್ಲ, ಇಳಿದಿತ್ತು. ಗುಡಿಯ ಮೆಟ್ಟಿಲುಬಾವಿಯ ಕಡೆಯ ಮೂಲೆ ಅದು. ನನ್ನ ನೀರಿನ ಗದ್ದಲದಲ್ಲಿ ಅದರ ನಿಜವಾದ ನರಳಾಟ ಯಾರಿಗೂ ಕೇಳಿರಲಿಲ್ಲ. ಸಾಹೇಬರು ಒಳ್ಳೆಯವರೇ, ಆದರೆ ಖಡಾಖಂಡಿತವಾಗಿ ಹೇಳಿದರು. “ಕಟ್ಟಿದ ದಿನದಿಂದಲೂ ಮೂಲೆ ಹೀಗೇ ಇಳೀತಾ ಬಂದಿದ್ರೆ ನಿಲ್ಲಿಸೋದು ಯಾರ ಕೈಲೂ ಆಗಲ್ಲ, ಬಿಚ್ಚಲೇಬೇಕು. ಈಚೆಗೆ ಶುರುವಾಗಿದ್ದು ಅಂತ ತೋರಿಸಿ, ನಲವತ್ತು ದಿನ ಕೊಡ್ತೀನಿ.”

ಹೇಗೆ ತೋರಿಸುವುದು? ನಮ್ಮ ಕನ್ನಡಿಗೆ ಒಂದು ವರ್ಷವೂ ತುಂಬಿಲ್ಲ. ಸುಹಾನಾ ಹಳೆಯ ಉಗ್ರಾಣ ತೆಗೆಸಿದಳು. ನಿಮ್ಮ ಕಾಲದ ಉಪಗ್ರಹಗಳು ಹನ್ನೆರಡು ದಿನಕ್ಕೊಮ್ಮೆ ಹಾಕಿದ ಕೂಗುಗಳ ಮಾರ್ದನಿ ಅದರಲ್ಲಿ ಇನ್ನೂ ಇದೆ. ನಡುವಿನ ಎಷ್ಟೋ ವರ್ಷಗಳದು ಕಳೆದುಹೋಗಿದೆ. ನಿಮ್ಮದು ಉಳಿದಿದೆ. ಗುಡಿಯ ಪೌಳಿಯಲ್ಲಿ ಪರದೆ ಕಟ್ಟಿ ನಮಗೂ ತೋರಿಸಿದಳು. ನಿಮ್ಮ ಹೊಲಗಳೆಲ್ಲ ಮಬ್ಬು ಬೂದಿ. ಜೋಳ ಬೆಳೆದಾಗ ಒಂದು ದನಿ, ಕೊಯ್ದಾಗ ಒಂದು ದನಿ, ಉತ್ತಾಗ ಇನ್ನೊಂದು. ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ. ಗುಡಿ ಒಂದು ಮಂದ ಬೆಳಕು. ಅದರ ಮುಂದೆ, ಸರಿಯಾಗಿ ಹಾಸುಬಂಡೆಯ ಮೇಲೆ, ಒಂದು ಚುಕ್ಕೆ! ಬೆಳ್ಳಿಚುಕ್ಕಿಯ ಹಾಗೆ ಹೊಳೆಯುವ ಚುಕ್ಕೆ. ಹನ್ನೆರಡು ದಿನ ಬಿಟ್ಟು ಅದೇ, ಮತ್ತೆ ಹನ್ನೆರಡು ದಿನ ಬಿಟ್ಟು ಅದೇ. ಹನ್ನೊಂದು ವರ್ಷ, ಮುನ್ನೂರಕ್ಕೂ ಹೆಚ್ಚು ಸಲ ಕೂಗಿದ್ದಕ್ಕೆ ಒಂದು ಸಲವೂ ತಪ್ಪದೆ ಓಗೊಟ್ಟ ಚುಕ್ಕೆ.

“ತಗಡು,” ಅಂದಳು ಸುಹಾನಾ. “ಬರೇ ಒಂದು ತಗಡಿನ ಛಾವಣಿರೀ. ಬಂಡೆಗೆ ಕಂಬ ಹುಗದು ನಿಲ್ಲಿಸ್ಯಾರ.”

ನಾನು ಎದ್ದು ಓಡಿದೆ. ಐವತ್ತು ವರ್ಷ ದಾಟಿದ ಹೆಂಗಸು ಸೀರೆ ಎತ್ತಿಕೊಂಡು ಓಡಿದ್ದನ್ನು ಇಡೀ ಊರು ನೋಡಿತು. ಬಂಡೆಯ ಮೇಲೆ ಚೌಕಕ್ಕೆ ನಾಲ್ಕು ಕುಳಿಗಳಿವೆ. ಚಿಕ್ಕಂದಿನಿಂದ ನೋಡುತ್ತಿದ್ದೆ, ಧಾನ್ಯ ಕುಟ್ಟುವ ಒರಳು ಅಂದುಕೊಂಡಿದ್ದೆ. ಮುಷ್ಟಿ ಇಳಿಸಿ ನೋಡಿದೆ, ಮೊಣಕೈವರೆಗೆ ಹೋಯಿತು. ನಿಮ್ಮ ಕಂಬಗಳು ನಿಂತಿದ್ದ ಜಾಗ!

ನೀವು ಅಲ್ಲಿ ಏನು ಮಾಡುತ್ತಿದ್ದಿರಿ ಎಂದು ಆ ದಿನವೆಲ್ಲ ಪೌಳಿಯಲ್ಲಿ ಜಗಳ.

“ಚಹಾದಂಗಡಿ ಇದ್ದೀತು,” ಅಂದಳು ಕಸ್ತೂರೆವ್ವ. “ಗುಡಿ ಮುಂದ ಗಂಡಸ್ರು ಮತ್ಯಾಕ ಕುಂದರತಾರ?”

ಶಾಂತವೀರಯ್ಯನವರಿಗೆ ಸಿಟ್ಟು ಬಂತು. “ಭಕ್ತಿಯಿಂದ ಕುಂದರೂ ಮಂದೀನೂ ಇರತಾರವಾ.”

“ಹೌದ್ರಿ ಅಯ್ಯಾರ, ಭಕ್ತಿಯಿಂದ ಚಹಾ ಕುಡೀತಿರತಾರ.”

ಸುಹಾನಾ ಇಬ್ಬರನ್ನೂ ಸುಮ್ಮನಾಗಿಸಿದಳು. “ತಗಡು ಅನ್ನೂದು ಗೊತ್ತಾಗತೈತಿ. ಅದರ ಕೆಳಗ ಏನು ಕುದೀತಿತ್ತು ಅನ್ನೂದು ಮ್ಯಾಲಿಂದ ಕಾಣಂಗಿಲ್ರಿ.”

ನೀವು ಏನೇ ಮಾರಿರಲಿ, ಎರೆಮಣ್ಣಿನಲ್ಲಿ ಸುಲಭವಾಗಿ ಕಂಬ ಹುಗಿಯುವುದು ಬಿಟ್ಟು ಬಂಡೆಗೆ ಕುಳಿ ಹೊಡೆದಿರಲ್ಲ, ಆ ಶ್ರಮಕ್ಕೆ ದೊಡ್ಡ ನಮಸ್ಕಾರ. ಎರೆಮಣ್ಣಿನಲ್ಲಿ ನಿಲ್ಲಿಸಿದ್ದರೆ ಅದೂ ಏರಿಳಿಯುತ್ತಿತ್ತು, ಅಳತೆಗೆ ಆಗುತ್ತಿರಲಿಲ್ಲ. ಈಗ ಸುಹಾನಾ ನಿಮ್ಮ ಛಾವಣಿಯ ಲೆಕ್ಕಕ್ಕೆ ಹಿಡಿದು ಮೂಲೆಯನ್ನು ಅಳೆದಳು. ಪ್ರತಿ ಮಳೆಗಾಲಕ್ಕೆ ಏರಿದೆ, ಪ್ರತಿ ಬೇಸಿಗೆಗೆ ಇಳಿದಿದೆ, ಹನ್ನೊಂದು ವರ್ಷದ ಕೊನೆಗೆ ಮೊದಲಿದ್ದಲ್ಲೇ ಇದೆ. ಅರ್ಧ ಎಳ್ಳೂ ಕಳೆದುಕೊಂಡಿಲ್ಲ. ಮೂಲೆಗೆ ಹುಟ್ಟುರೋಗ ಇಲ್ಲ! ಈ ರೋಗ ಈಚಿನದು, ನಾವು ತಂದದ್ದು.

ಏನು ತಂದೆವು ಎಂದು ಹುಡುಕಲು ದೂರ ಹೋಗಬೇಕಾಗಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಹೂದೋಟಗಳಿಗೆಂದು ಬಾವಿಯ ಪಕ್ಕ ಮೂರು ಆಳದ ಕೊಳವೆಬಾವಿ ತೋಡಿದ್ದೆವು. ಅಂದಿನಿಂದ ಮೆಟ್ಟಿಲುಬಾವಿ ಒಣಗಿತು. ಬಾವಿ ಒಣಗಿದಂತೆ ಅದರ ಕಡೆಯ ಎರೆಮಣ್ಣು ಒಣಗಿ ಮುದುಡಿತು, ಮೂಲೆ ಜಾರಿತು. ಕಲಿದೇವರ ತಲೆಗೆ ಏರಿಸುವ ಹೂವಿಗಾಗಿ ಅವನ ಕಾಲ ಕೆಳಗಿನ ನೀರು ಎಳೆದಿದ್ದೆವು. ಇದನ್ನು ಬರೆಯಲು ನನಗೆ ಕಷ್ಟವಾಗುತ್ತದೆ, ಆದರೂ ಬರೆದೆ.

ಅದೇ ದಿನ ಹೂಗಾರರ ಎಂಟು ಮನೆಯವರು ಕುಳಿತು ಮೂರೂ ಕೊಳವೆಗಳಿಗೆ ಮುಚ್ಚಳ ಹಾಕಿದೆವು. ಅರ್ಧ ತೋಟ ಹೋಯಿತು. ಸೇವಂತಿಗೆ ಒಣಗಿದವು, ಕಣಗಿಲೆ ಗಟ್ಟಿ ಜೀವ, ನಿಂತಿವೆ. ಗುಡಿಯ ಮಾಳಿಗೆಯ ಮಳೆನೀರೆಲ್ಲ ಬಾವಿಗೆ ಹೋಗುವ ಹಾಗೆ ಹಳೆಯ ಕಾಲುವೆ ಬಿಡಿಸಿದೆವು. ಕಲ್ಲು ಹಾಸಿದ ಕಾಲುವೆ ಮಣ್ಣಿನ ಕೆಳಗೆ ಇದ್ದೇ ಇತ್ತು, ಕಟ್ಟಿದವರಿಗೆ ಎಲ್ಲ ಗೊತ್ತಿತ್ತು. ಆಶ್ವಯುಜದ ಮಳೆ ಕಲಿದೇವರ ದಯದಿಂದ ಕೈಬಿಡಲಿಲ್ಲ.

ನಲವತ್ತು ದಿನಕ್ಕೆ ಐದು ಅಳತೆ. ಮೊದಲನೆಯದರಲ್ಲಿ ಮೂಲೆ ಕಾಲು ಎಳ್ಳು ಇಳಿದಿತ್ತು. ಎರಡನೆಯದರಲ್ಲೂ ಕಾಲು. ಮೂರನೆಯದರಲ್ಲಿ ಕಾಲಿಗೂ ಕಡಿಮೆ. ನಾಲ್ಕನೆಯದರಲ್ಲಿ ಅರೆಕಾಲು. ನಾಳೆ ಐದನೆಯದು. ಇಳಿತ ನಿಂತಿರಬೇಕು, ಅರೆಕಾಲು ಆದರೂ ಸಾಹೇಬರು ಒಪ್ಪುವುದಿಲ್ಲ. ಇಷ್ಟು ಬರೆದು ಕಾಗದ ಮಡಚಿಡುತ್ತೇನೆ. ನಾಳಿನದನ್ನು ನಾಳೆ ಬರೆಯುತ್ತೇನೆ, ಒಳ್ಳೆಯದಿರಲಿ ಕೆಟ್ಟದ್ದಿರಲಿ.

ತ್ರಯೋದಶಿ, ಬೆಳಿಗ್ಗೆ.

ನಿಂತಿದೆ!

ನಿಂತಿದೆ ರೀ! ಆರೂ ಹತ್ತಕ್ಕೆ ಮಾರ್ದನಿಗಣ್ಣು ಹೋಯಿತು. ಏಳಕ್ಕೆ ಗುಡಿಯ ಬಾಗಿಲ ಒಳಗೆ ಅಳತೆ ತೋರಿಸುವ ಫಲಕ ಹೊತ್ತಿತು. ಊರೆಲ್ಲ ಬಾಗಿಲಲ್ಲಿತ್ತು. ಶಾಂತವೀರಯ್ಯನವರು ತಿಥಿ ಓದಿದರು, ವಾರ ಓದಿದರು, ನಕ್ಷತ್ರಕ್ಕೆ ಬಂದು ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡರು.

“ಅಯ್ಯಾರ, ಚಂದ್ರ ಎಲ್ಲಿರತಾನ ಅಲ್ಲೇ ಇರಲಿ, ಮೂಲಿ ಎಲ್ಲೈತಿ ಹೇಳ್ರಿ!” ಎಂದು ಕಸ್ತೂರೆವ್ವ ಕೂಗಿದಳು.

ಅವರು ಬಿಡದೆ ಯೋಗ, ಕರಣ ಎರಡನ್ನೂ ಮುಗಿಸಿಯೇ ಆರನೆಯದಕ್ಕೆ ಬಂದರು. “ನೈಋತ್ಯ ಮೂಲೆ,” ಅಂದರು. ಫಲಕವನ್ನು ಇನ್ನೊಮ್ಮೆ ನೋಡಿದರು. “ಇಳಿತ ಇಲ್ಲ. ಏರಿಕೆ ಅರೆಕಾಲು ಎಳ್ಳು.”

ಆಮೇಲೆ ಏನಾಯಿತು ಎಂದು ಸರಿಯಾಗಿ ಹೇಳಲಾರೆ. ಸುಹಾನಾ ನನ್ನನ್ನು ತಬ್ಬಿಕೊಂಡಳು, ನನ್ನ ಬುಟ್ಟಿಯ ಹೂವೆಲ್ಲ ಅವಳ ತಲೆಯ ಮೇಲೆ. ಸಾಹೇಬರು ತಮ್ಮ ಕಚೇರಿಯಿಂದಲೇ ಆದೇಶ ಹಿಂತೆಗೆದುಕೊಂಡರು. ಕೊಳವೆಗಳ ಮುಚ್ಚಳ ತೆಗೆಯಕೂಡದು, ವರ್ಷವಿಡೀ ಅಳತೆ ನಡೆಯಲಿ ಎಂಬ ಮಾತಿನ ಮೇಲೆ. ಅಷ್ಟನ್ನು ಹೇಳದಿದ್ದರೂ ನಾವು ತೆಗೆಯುತ್ತಿರಲಿಲ್ಲ.

ಈಗ ನನ್ನ ಕೇಳಿಕೆ. ಗದ್ದಲ ಇಳಿದ ಮೇಲೆ ನಿಮ್ಮ ಹೆಸರಲ್ಲಿ ಅರ್ಚನೆ ಮಾಡಿಸಲು ಹೋದೆ. ಶಾಂತವೀರಯ್ಯನವರು ಬಿಲ್ವ ಕೈಯಲ್ಲಿ ಹಿಡಿದು ಕೇಳಿದರು, “ಯಾರ ಹೆಸರಿಲೇವಾ?” ನೀವು ಗಂಡಸೋ ಹೆಂಗಸೋ, ಯಾವ ಜನವೋ, ನಮ್ಮ ದೇವರನ್ನು ನಂಬುವವರೋ ಅಲ್ಲವೋ, ಏನೂ ಗೊತ್ತಿಲ್ಲ. ನಿಮ್ಮ ಛಾವಣಿಯ ಎತ್ತರ ಎಳ್ಳಿನ ಲೆಕ್ಕಕ್ಕೆ ಗೊತ್ತಿದೆ, ಅದರ ಕೆಳಗಿದ್ದವರ ಹೆಸರು ಇಡೀ ಉಗ್ರಾಣದಲ್ಲಿ ಇಲ್ಲ. ಕಡೆಗೆ ಅಯ್ಯನವರು ‘ತಗಡಿನವರ’ ಎಂದು ಹೇಳಿ ಏರಿಸಿದರು. ನನಗೆ ಸಮಾಧಾನವಾಗಲಿಲ್ಲ.

ಆದ್ದರಿಂದ ಒಂದು ಉಪಕಾರ ಮಾಡಿ. ಎಂದಾದರೂ ಯಾರಾದರೂ ಬಂದು ಛಾವಣಿ ಕೀಳಿ ಅಂದರೆ ಜಗಳಕ್ಕೆ ಹೋಗಬೇಡಿ, ನಿಮ್ಮ ಕೆಲಸ ಆಗಿದೆ. ಆದರೆ ಹೋಗುವ ಮುಂಚೆ ನಿಮ್ಮ ಹೆಸರು ಎಲ್ಲಾದರೂ ಬರೆದು ಹೋಗಿ. ಗುಡಿಯ ಕಲ್ಲಿನ ಮೇಲೆ ಮಾತ್ರ ಬೇಡ, ಅಲ್ಲಿ ಕೆತ್ತಿದರೆ ನಾನೇ ಬೈಯುತ್ತೇನೆ. ಬಾವಿಯ ಒಳಗೋಡೆಗೆ ನಿಮ್ಮ ಕಾಲದವರು ಮೆತ್ತಿದ ಸಿಮೆಂಟು ಇದೆ, ಚಂದ ಇಲ್ಲ, ಆದರೆ ಗಟ್ಟಿಯಾಗಿದೆ. ಅದರ ಮೇಲೆ ಮೊಳೆಯಿಂದ ಆಳವಾಗಿ ಕೊರೆಯಿರಿ. ಅಡ್ಡಹೆಸರಾದರೂ ಸರಿ, ಮನೆಯಲ್ಲಿ ಕರೆಯುವ ಹೆಸರಾದರೂ ಸರಿ. ನಾಳೆ ಹೂವು ಕೊಟ್ಟು ಬರುವಾಗ ಹಾವಸೆ ಉಜ್ಜಿ ಹುಡುಕುತ್ತೇನೆ.

ಎತ್ತರದಲ್ಲಿ ಬರೆಯಿರಿ, ಕೈ ಎಟಕುವಷ್ಟು ಎತ್ತರದಲ್ಲಿ. ಇಂದು ಬೆಳಿಗ್ಗೆ ನೋಡಿದೆ, ಬಾವಿಯ ನೀರು ತಳದ ಏಳು ಮೆಟ್ಟಿಲು ಮುಳುಗಿಸಿ ಎಂಟನೆಯದನ್ನು ಮುಟ್ಟುತ್ತಿತ್ತು.

ನಿಮ್ಮ
ನೀಲಗಂಗವ್ವ ಹೂಗಾರ